ಹಾಸನದ ಬಡಾವಣೆಗಳಲ್ಲಿ ವಸಂತದ ಕೈತೋಟ, ಪಾರ್ಕ್ ಕೆಲಸ, ಸಾಮೂಹಿಕ ಕಾರ್ಯಕ್ರಮ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಮುಂದೆ ನಾಲ್ಕಡಿ ಮಣ್ಣು, ಮೇಲೊಂದು ತಾರಸಿ, ಬೀದಿ ಕೊನೆಗೊಂದು ಪಾರ್ಕ್. ಕುವೆಂಪುನಗರವಿರಲಿ, ವಿದ್ಯಾನಗರವಿರಲಿ, ಹಾಸನದ ಬಹುತೇಕ ಬಡಾವಣೆಗಳಲ್ಲಿ ಇರುವ ಜಾಗ ಇಷ್ಟೇ. ಫೆಬ್ರುವರಿ ಕೊನೆಯಿಂದ ಮೇ ಕೊನೆಯವರೆಗೆ ಈ ಜಾಗದಲ್ಲಿ ಏನು ಮಾಡಬೇಕು, ಯಾವುದಕ್ಕೆ ಕಾಯಬೇಕು, ನೆರೆಹೊರೆಯವರೆಲ್ಲ ಸೇರಿ ಮಾಡುವ ಕೆಲಸಗಳನ್ನು ಹೇಗೆ ನಡೆಸಬೇಕು ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಯುಗಾದಿ ಹೊತ್ತಿಗೆ ಎಲ್ಲ ಗಿಡ ನೆಟ್ಟುಬಿಡಬಹುದಾ?

ಬೇಡ. ಹೊಂಗೆ ಚಿಗುರಿ, ಮಾವು ಕಾಯಿ ಕಟ್ಟುವುದನ್ನು ನೋಡಿದಾಗ ನಾವೂ ನೆಡೋಣ ಅನ್ನಿಸುವುದು ಸಹಜ. ಆದರೆ ಆ ಮರಗಳ ಬೇರು ಆಳದ ತೇವ ಮುಟ್ಟಿರುತ್ತದೆ, ನರ್ಸರಿಯಿಂದ ತಂದ ಸಸಿಯ ಬೇರು ಅಂಗೈ ಅಗಲ ಮಾತ್ರ. ಹಾಸನ ಸುಮಾರು 950 ಮೀಟರ್ ಎತ್ತರದಲ್ಲಿದ್ದರೂ ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನದ ಬಿಸಿಲು 32, 33 ಡಿಗ್ರಿ ದಾಟುತ್ತದೆ, ಗಾಳಿ ಒಣಗಿರುತ್ತದೆ.

ನಮ್ಮೂರಿನ ವಸಂತ ನೆಡುವುದಕ್ಕಿಂತ ಹೆಚ್ಚಾಗಿ ಸಿದ್ಧತೆಯ ಕಾಲ. ಮಣ್ಣು ಹದ ಮಾಡುವುದು, ಉದುರಿದ ಎಲೆ ಗೊಬ್ಬರಕ್ಕೆ ಹಾಕುವುದು, ಮರದ ಗುಂಡಿ ತೋಡುವುದು, ಬೀಜ ಪರೀಕ್ಷಿಸುವುದು ಈಗ ಮುಗಿಯಬೇಕು. ಅಶ್ವಿನಿ ಮಳೆ ಏಪ್ರಿಲ್ ಮಧ್ಯಕ್ಕೆ ಹುಟ್ಟುತ್ತದೆ, ಭರಣಿ ಏಪ್ರಿಲ್ 27ರ ಆಸುಪಾಸು, ಕೃತ್ತಿಕೆ ಮೇ 11ರ ಸುಮಾರಿಗೆ. ಎರಡು ಹದವಾದ ಮಳೆ ಬಿದ್ದು ಮಣ್ಣು ಒಂದು ಗೇಣು ಆಳಕ್ಕೆ ನೆನೆದ ಮೇಲೆ ನೆಟ್ಟ ಗಿಡಕ್ಕೆ ಅರ್ಧ ನೀರು ಸಾಕು. ಬರೀ ಒಂದು ಆಲಿಕಲ್ಲು ಮಳೆ ಬಂತೆಂದು ಹೊರಟರೆ ಮೇಲಿನ ಎರಡಂಗುಲ ಮಾತ್ರ ತೇವವಾಗಿರುತ್ತದೆ. ಬೆರಳು ಹಾಕಿ ನೋಡಿಯೇ ತೀರ್ಮಾನಿಸಿ.

ಹಾಗಾದರೆ ಮಾರ್ಚ್, ಏಪ್ರಿಲ್‌ನಲ್ಲಿ ಏನೂ ಬಿತ್ತಲೇಬಾರದಾ?

ನೀರು ಕೊಡಲು ಆಗುವವರು ಇವನ್ನು ಬಿತ್ತಬಹುದು: ದಂಟು, ಹರಿವೆ, ಬಸಳೆ, ಬೆಂಡೆ, ಅಲಸಂದೆ, ಹೀರೆ, ಹಾಗಲ, ಸೌತೆ, ಸಿಹಿಗುಂಬಳ. ಇವು ಬಿಸಿಲು ತಡೆಯುತ್ತವೆ. ಹರಿವೆಯಲ್ಲಿ ಅರ್ಕಾ ಸುಗುಣ ಹಸಿರಿಗೆ, ಅರ್ಕಾ ಅರುಣಿಮಾ ಕೆಂಪಿಗೆ. ಬೆಂಡೆಗೆ ಅರ್ಕಾ ಅನಾಮಿಕ. ಮೂರೂ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳು. ಹರಿವೆ ಬೀಜ ಸಣ್ಣದು, ನಾಲ್ಕು ಪಾಲು ಒಣ ಮರಳಿನೊಂದಿಗೆ ಬೆರೆಸಿ ಚೆಲ್ಲಿದರೆ ಒಂದೇ ಕಡೆ ಗುಂಪಾಗುವುದಿಲ್ಲ. 25ರಿಂದ 30 ದಿನಕ್ಕೆ ಮೊದಲ ಕೊಯ್ಲು.

ಮೆಂತ್ಯ, ಕೊತ್ತಂಬರಿಗೆ ಮಧ್ಯಾಹ್ನದ ನೆರಳು ಕಡ್ಡಾಯ, ಇಲ್ಲದಿದ್ದರೆ ಕೊತ್ತಂಬರಿ ಗೇಣುದ್ದ ಬೆಳೆಯುವ ಮೊದಲೇ ಹೂ ಬಿಡುತ್ತದೆ. ಕ್ಯಾರೆಟ್, ಎಲೆಕೋಸು, ಹೂಕೋಸು ಈಗ ಬೇಡ.

ಅವರೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ನಾಟಿ ಸೊಗಡವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುತ್ತದೆ. ಏಪ್ರಿಲ್‌ನಲ್ಲಿ ಹಾಕಿದರೆ ಬಳ್ಳಿ ಕಾಂಪೌಂಡ್ ದಾಟಿ ಪಕ್ಕದ ಮನೆ ಕಿಟಕಿ ಹಿಡಿಯುತ್ತದೆ, ಕಾಯಿ ಮಾತ್ರ ಚಳಿಗಾಲಕ್ಕೇ. ಜುಲೈ, ಆಗಸ್ಟ್‌ನಲ್ಲಿ ಹಾಕಿ. ಈಗಲೇ ಬೇಕೆಂದರೆ ಹೆಬ್ಬಾಳ ಅವರೆಯಂಥ, ಹಗಲಿನ ಉದ್ದಕ್ಕೆ ಕಾಯದ ತಳಿ ಹುಡುಕಿ.

ಹಾಸನ ಆಲೂಗಡ್ಡೆಗೆ ಹೆಸರುವಾಸಿ. ತಾರಸಿ ಚೀಲದಲ್ಲಿ ಈಗ ಹಾಕಬಹುದಾ?

ನಮ್ಮ ಜಿಲ್ಲೆಯ ರೈತರು ಜಲಂಧರ್‌ನಿಂದ ಬರುವ ಬಿತ್ತನೆ ಗಡ್ಡೆಯನ್ನು ಎಪಿಎಂಸಿಯಲ್ಲಿ ಕೊಂಡು ಮುಂಗಾರಿನ ಹೊಸ್ತಿಲಲ್ಲಿ ಬಿತ್ತುವುದಕ್ಕೆ ಕಾರಣವಿದೆ. ರಾತ್ರಿ ತಂಪಾಗಿದ್ದರೆ ಮಾತ್ರ ಗಡ್ಡೆ ಕಟ್ಟುತ್ತದೆ. ಕಾದ ತಾರಸಿಯ ಕಪ್ಪು ಚೀಲದಲ್ಲಿ ಸೊಪ್ಪು ಬೆಳೆಯುತ್ತದೆ, ಗಡ್ಡೆ ಗೋಲಿಯಷ್ಟೇ ಉಳಿಯುತ್ತದೆ. ಮೇ ಕೊನೆಗೆ ಹಾಕಿ. 40ರಿಂದ 50 ಗ್ರಾಂ ತೂಗುವ, ಎರಡು ಕಣ್ಣಿರುವ ಹೋಳು. ಕತ್ತರಿಸಿ ಎರಡು ದಿನ ನೆರಳಲ್ಲಿ ಗಾಯ ಒಣಗಿಸಿ. 20 ಲೀಟರಿನ ಚೀಲಕ್ಕೆ ಎರಡೇ ಹೋಳು. ಚೀಲದ ಮೂರನೇ ಒಂದು ಭಾಗ ಮಣ್ಣಿನಿಂದ ಶುರುಮಾಡಿ, ಗಿಡ ಎದ್ದಂತೆಲ್ಲ ಮಣ್ಣು ಏರಿಸುತ್ತಾ ಹೋಗಿ. ಜುಲೈ ಜಡಿಮಳೆಯಲ್ಲಿ ಎಲೆ ಮೇಲೆ ನೀರಿನಿಂದ ನೆಂದಂಥ ಕಂದು ಮಚ್ಚೆ, ಕೆಳಗೆ ಬಿಳಿ ಬೂಷ್ಟು ಕಂಡರೆ ಅದು ಅಂಗಮಾರಿ. ಟೊಮೆಟೊ ಕೂಡ ಅದೇ ಜಾತಿಯದು, ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಡಬೇಡಿ.

ಚೀಲ, ಕುಂಡಗಳಿಗೆ ಮಣ್ಣಿನ ಮಿಶ್ರಣ ಹೇಗಿರಬೇಕು?

ಅಳತೆ ಬಾಂಡ್ಲಿಯಲ್ಲಿ: ಎರಡು ಕೆಮ್ಮಣ್ಣು, ಒಂದು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎಲೆಗೊಬ್ಬರ, ಒಂದು ತೆಂಗಿನ ನಾರಿನ ಪುಡಿ. 12 ಅಂಗುಲ ಅಗಲ, 12 ಅಂಗುಲ ಎತ್ತರದ ಚೀಲಕ್ಕೆ 50 ಗ್ರಾಂ ಬೇವಿನ ಹಿಂಡಿ ಸೇರಿಸಿ. ಬೆರೆಸಿ, ನೀರು ಚಿಮುಕಿಸಿ, ಗೋಣಿ ಮುಚ್ಚಿ ಹತ್ತು ದಿನ ಬಿಟ್ಟು ಆಮೇಲೆ ತುಂಬಿ.

ಹೆಚ್ಚು ಕೆಡುವುದು ಗೊಬ್ಬರದ ಕಡೆಯಿಂದ. ಹಸಿ ಸಗಣಿ ಬಿಸಿಯಾಗಿ ಬೇರು ಸುಡುತ್ತದೆ, ಜೊತೆಗೆ ಗೊಣ್ಣೆಹುಳ ತರುತ್ತದೆ. ಬಿಳಿ ಮೈ, ಕಂದು ತಲೆ, ಅರ್ಧಚಂದ್ರದಂತೆ ಮುದುಡಿ ಮಲಗುವ ಈ ಹುಳ ಬೇರು ತಿಂದು ಗಿಡವನ್ನು ಒಂದೇ ವಾರದಲ್ಲಿ ಬಾಡಿಸುತ್ತದೆ. ಗೊಬ್ಬರವನ್ನು ನೆಲದ ಮೇಲೆ ತೆಳುವಾಗಿ ಹರಡಿ, ಅರ್ಧ ಗಂಟೆ ಬಿಟ್ಟು ಹುಳ ಆರಿಸಿ. ಕೈಯಲ್ಲಿ ಹಿಡಿದಾಗ ಸಗಣಿ ವಾಸನೆ ಬಂದರೆ ಅದು ಇನ್ನೂ ಕಳಿತಿಲ್ಲ.

ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯಿಂದ ನಾರಿನ ಪುಡಿ ಅಗ್ಗಕ್ಕೆ ಸಿಗುತ್ತದೆ. ತಂದ ಹಾಗೇ ಬಳಸಬಾರದು. ಅದರಲ್ಲಿ ಉಪ್ಪಿನಂಶ ಇರುತ್ತದೆ, ಎಲೆಯಂಚು ಸುಟ್ಟಂತಾಗುವುದು ಅದರಿಂದಲೇ. ಡ್ರಮ್ಮಿನಲ್ಲಿ ಮುಳುಗಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಆ ಕಂದು ನೀರು ಚೆಲ್ಲಿ, ಹೀಗೆ ಮೂರು ಸಲ. ಹಸಿ ಪುಡಿಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಕೊಳೆಯುವಾಗ ಅದು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುವುದರಿಂದ ಗಿಡ ಹಳದಿಯಾಗುತ್ತದೆ. ಕಾಲು ಭಾಗಕ್ಕಿಂತ ಹೆಚ್ಚು ಹಾಕಬೇಡಿ.

ತಾರಸಿ ಎಷ್ಟು ತೂಕ ತಡೆಯುತ್ತದೆ?

ಜನ ಓಡಾಡುವ ತಾರಸಿಗೆ ಭಾರತೀಯ ಮಾನಕದ ಲೆಕ್ಕ ಚದರ ಮೀಟರಿಗೆ ಸುಮಾರು 150 ಕೆ.ಜಿ. ನೆನೆದ 12 ಅಂಗುಲದ ಚೀಲವೊಂದು 25 ಕೆ.ಜಿ. ತೂಗುತ್ತದೆ. ಒತ್ತೊತ್ತಾಗಿ ಜೋಡಿಸಿದರೆ ಚದರ ಮೀಟರಿಗೆ ಒಂಬತ್ತು ಚೀಲ ಹಿಡಿಯುತ್ತವೆ, ಅಂದರೆ 225 ಕೆ.ಜಿ. ಅದು ಮಿತಿ ಮೀರಿದ ಮಾತು. ನಾಲ್ಕು ಚೀಲಕ್ಕೆ ನಿಲ್ಲಿಸಿ, ಭಾರವಾದವನ್ನು ತೊಲೆ ಮತ್ತು ಗೋಡೆಯ ನೇರಕ್ಕೆ ಇಡಿ. ಶೀಟಿನ ಮಾಡು, ಬಾಲ್ಕನಿಯ ಸಜ್ಜಾ ಮೇಲೆ ಸಾಲುಗಟ್ಟಿ ಇಡಬಾರದು. ಹಳೆ ಮನೆಯಾದರೆ ಎಂಜಿನಿಯರ್ ಒಬ್ಬರಿಗೆ ತೋರಿಸಿಯೇ ಮುಂದುವರಿಯಿರಿ. ಚೀಲದ ಕೆಳಗೆ ಎರಡು ಇಟ್ಟಿಗೆ ಇಟ್ಟರೆ ನೀರು ನಿಲ್ಲದೆ ಹರಿಯುತ್ತದೆ, ಸೋರಿಕೆ ಕಣ್ಣಿಗೆ ಬೀಳುತ್ತದೆ.

ಬೇಸಿಗೆಯಲ್ಲಿ ನೀರು ಕಡಿಮೆ. ಗಿಡ ಉಳಿಸುವುದು ಹೇಗೆ?

ಹೇಮಾವತಿಯ ಕುಡಿಯುವ ನೀರನ್ನು ಪೈಪಿನಲ್ಲಿ ಬಿಟ್ಟು ನಿಲ್ಲುವುದು ಸರಿಯಲ್ಲ. ಏಪ್ರಿಲ್‌ನಲ್ಲಿ 20 ಲೀಟರಿನ ಚೀಲಕ್ಕೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಬೇಕು, ಅದನ್ನು ಬೆಳಿಗ್ಗೆ ಏಳರೊಳಗೆ ಒಂದೇ ಸಲ ನಿಧಾನವಾಗಿ ಕೊಡಿ. ಮೂರು ಸಲ ಚಿಮುಕಿಸಿದರೆ ಮೇಲ್ಮಣ್ಣು ಮಾತ್ರ ನೆನೆದು ಬೇರು ಮೇಲೇ ಉಳಿಯುತ್ತದೆ.

ನೀರಿಗಿಂತ ಮುಚ್ಚಿಗೆ ಮುಖ್ಯ. ಒಣ ಎಲೆ ಅಥವಾ ತೆಂಗಿನ ಸಿಪ್ಪೆ ಎರಡಂಗುಲ ದಪ್ಪ, ಕಾಂಡದಿಂದ ಎರಡಂಗುಲ ದೂರ ಬಿಟ್ಟು ಹೊದಿಸಿ. ಕಾಂಡಕ್ಕೆ ತಾಗಿಸಿದರೆ ಬುಡ ಕೊಳೆಯುತ್ತದೆ. ನೆಲದ ಮಡಿಯಲ್ಲಿ ಐದು ಲೀಟರಿನ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು ನೀರು ತುಂಬಿ ಮುಚ್ಚಳ ಹಾಕಿದರೆ ಸುತ್ತಲಿನ ಒಂದೂವರೆ ಅಡಿಯ ಗಿಡಗಳಿಗೆ ಮೂರು ದಿನ ತೇವ ಸಿಗುತ್ತದೆ. ಬಣ್ಣ ಬಳಿದ, ಮೆರುಗು ಕೊಟ್ಟ ಮಡಕೆ ಜಿನುಗುವುದಿಲ್ಲ. ನೆರಳು ಬಲೆ ಶೇ 35ರಿಂದ 50ರದ್ದು ಸಾಕು. ಶೇ 75ರ ಬಲೆ ಕೆಳಗೆ ಕಾಯಿಗಿಡ ಸೊರಗುತ್ತದೆ.

ತರಕಾರಿ, ಅಕ್ಕಿ ತೊಳೆದ ನೀರು ಧಾರಾಳವಾಗಿ ಹಾಕಿ. ಬಟ್ಟೆ ಸೋಪಿನ ನೀರಲ್ಲಿ ಸೋಡಿಯಂ ಇದ್ದು ಮಣ್ಣು ಗಟ್ಟಿಯಾಗುತ್ತದೆ. ಎರಡನೇ ಸಲ ಜಾಲಾಡಿಸಿದ ನೀರು ಬಾಳೆ, ಕೆಸುವಿನ ಬುಡಕ್ಕೆ ಆಗಬಹುದು, ಸೊಪ್ಪಿನ ಮಡಿಗೆ ಬೇಡ.

ಪಾರ್ಕಿನಲ್ಲಿ ರಾಶಿ ರಾಶಿ ಒಣ ಎಲೆ ಬೀಳುತ್ತೆ, ಸುಟ್ಟುಬಿಡುತ್ತಾರೆ. ಬೇರೆ ದಾರಿ?

ಇಡೀ ಬಡಾವಣೆಗೆ ವಸಂತ ಕೊಡುವ ದೊಡ್ಡ ಸಂಪತ್ತು ಈ ಎಲೆ. ಸುಡುವುದು ಕಾನೂನಿಗೂ ವಿರುದ್ಧ, ಅಸ್ತಮಾ ಇರುವ ಮಕ್ಕಳಿಗೂ ವೃದ್ಧರಿಗೂ ಹಿಂಸೆ.

ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಪಂಜರ ಮಾಡಿ. ನಾಲ್ಕು ಕಂಬ, ಸುತ್ತ 17 ಅಡಿ ಜಾಲರಿ, ಒಂದು ಬದಿ ಬಿಚ್ಚುವಂತಿರಲಿ. ಮರದ ನೆರಳಲ್ಲಿ, ಆದರೆ ಕಾಂಡದಿಂದ ನಾಲ್ಕಡಿ ಆಚೆ. ತಳಕ್ಕೆ ಗಾಳಿಯಾಡಲು ಕಡ್ಡಿಕಸ ಅರ್ಧ ಅಡಿ. ಅದರ ಮೇಲೆ ಅರ್ಧ ಅಡಿ ಎಲೆ, ಅದರ ಮೇಲೆ ಒಂದು ಬಕೆಟ್ ಸಗಣಿ ಬಗ್ಗಡ, ಮುಷ್ಟಿಯಷ್ಟು ಹಳೆ ಗೊಬ್ಬರ. ಹೀಗೆ ಪದರ ಪದರವಾಗಿ ತುಂಬಿ. ಹಸಿ ಹುಲ್ಲು ಕತ್ತರಿಸಿದ್ದರೆ ಮಧ್ಯೆ ಸೇರಿಸಿ, ಸಾರಜನಕ ಸಿಗುತ್ತದೆ. ಮೂರಡಿಗಿಂತ ಚಿಕ್ಕ ಪಂಜರದಲ್ಲಿ ಬಿಸಿ ನಿಲ್ಲುವುದಿಲ್ಲ. ಸರಿಯಾಗಿ ಕಟ್ಟಿದ ರಾಶಿಯ ಒಡಲು ಒಂದು ವಾರದೊಳಗೆ 50 ಡಿಗ್ರಿ ಮೀರುತ್ತದೆ. ಕಬ್ಬಿಣದ ಸಲಾಕೆಯೊಂದನ್ನು ಚುಚ್ಚಿ ಐದು ನಿಮಿಷ ಬಿಟ್ಟು ತೆಗೆದರೆ ಹಿಡಿಯಲಾರದಷ್ಟು ಬಿಸಿ ಇರಬೇಕು.

ತೇವಕ್ಕೆ ಒಂದೇ ಪರೀಕ್ಷೆ. ಒಂದು ಹಿಡಿ ತೆಗೆದು ಹಿಂಡಿ: ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಸರಿ, ಧಾರೆ ಸುರಿದರೆ ಹೆಚ್ಚು, ಹಿಡಿ ಬಿಟ್ಟಾಗ ಚದುರಿದರೆ ಕಡಿಮೆ. ಹಾಸನದ ಏಪ್ರಿಲ್‌ನಲ್ಲಿ ಬಹುತೇಕ ರಾಶಿಗಳು ನಿಂತುಹೋಗುವುದು ಒಣಗಿದ್ದರಿಂದಲೇ. ವಾರಕ್ಕೆರಡು ಸಲ ಎರಡು ಮೂರು ಬಿಂದಿಗೆ ನೀರು, ಮೂರು ವಾರಕ್ಕೊಮ್ಮೆ ಮಗುಚುವುದು. ಮಾವು, ಹಲಸಿನ ದಪ್ಪ ಎಲೆ ಇಡಿಯಾಗಿ ಹಾಕಿದರೆ ಒಂದರ ಮೇಲೊಂದು ಅಂಟಿ ಹಾಳೆಯಂತಾಗಿ ನೀರು ಇಳಿಯುವುದಿಲ್ಲ, ತುಳಿದು ಪುಡಿ ಮಾಡಿ ಹಾಕಿ. ನೀಲಗಿರಿ ಎಲೆ ಬೇಗ ಕಳಿಯದು, ಹತ್ತರಲ್ಲೊಂದು ಪಾಲು ಮೀರದಿರಲಿ.

ಮಾರ್ಚ್‌ನಲ್ಲಿ ತುಂಬಿದ್ದು ಜುಲೈ, ಆಗಸ್ಟ್‌ಗೆ ಕಪ್ಪಗೆ, ಮಣ್ಣಿನ ವಾಸನೆಯ ಗೊಬ್ಬರವಾಗುತ್ತದೆ, ಗಾತ್ರ ಕಾಲು ಭಾಗಕ್ಕೆ ಇಳಿದಿರುತ್ತದೆ. ಪಂಜರದ ಮೇಲೆ “ಎಲೆ ಮಾತ್ರ” ಎಂದು ದೊಡ್ಡದಾಗಿ ಬರೆಯಿರಿ. ಒಂದು ಪ್ಲಾಸ್ಟಿಕ್ ಕವರ್ ಬಿದ್ದರೆ ಮರುದಿನ ಹತ್ತು ಬೀಳುತ್ತವೆ. ಬಿದ್ದ ದಿನವೇ ತೆಗೆಯುವವರು ಒಬ್ಬರು ಇರಬೇಕು.

ಅಡುಗೆಮನೆ ಗೊಬ್ಬರದ ಬಕೆಟ್ ನಾರುತ್ತಿದೆ, ಹುಳ ಬಿದ್ದಿದೆ. ಚೆಲ್ಲಿಬಿಡಲಾ?

ಬೇಡ. ನಾತ ಬಂದರೆ ತೇವ ಹೆಚ್ಚು, ಗಾಳಿ ಕಡಿಮೆ ಎಂದರ್ಥ. ಒಂದು ಪಾಲು ತರಕಾರಿ ಸಿಪ್ಪೆಗೆ ಎರಡು ಪಾಲು ಪುಡಿ ಎಲೆ ಹಾಕಿ ಬುಡದಿಂದ ಮಗುಚಿದರೆ ಎರಡು ದಿನದಲ್ಲಿ ವಾಸನೆ ನಿಲ್ಲುತ್ತದೆ. ಬೂದು ಬಣ್ಣದ, ಅರ್ಧ ಅಂಗುಲದ ಚಪ್ಪಟೆ ಹುಳಗಳು ಕಪ್ಪು ಸೈನಿಕ ನೊಣದ ಮರಿಗಳು. ಕಸ ಬೇಗ ಕರಗಿಸುತ್ತವೆ, ಮನೆ ನೊಣದಂತೆ ಅನ್ನದ ಮೇಲೆ ಕೂರುವುದಿಲ್ಲ. ಅನ್ನ, ಸಾರು, ಎಣ್ಣೆ ಪದಾರ್ಥ ಮಾತ್ರ ಹಾಕಬೇಡಿ, ಇಲಿ ಬರುವುದು ಅದಕ್ಕೇ.

ಮೆಣಸಿನ ಗಿಡದ ಎಲೆ ಮುದುರುತ್ತೆ, ಟೊಮೆಟೊ ಗಿಡ ಇದ್ದಕ್ಕಿದ್ದಂತೆ ಬಾಡುತ್ತೆ. ಔಷಧಿ ಏನು?

ಮೊದಲು ಎಲೆ ಯಾವ ಕಡೆ ಮುದುರಿದೆ ನೋಡಿ. ಮೇಲ್ಮುಖವಾಗಿ ದೋಣಿಯಂತಾದರೆ ನುಸಿ, ಅಂದರೆ ಥ್ರಿಪ್ಸ್. ಕೆಳಮುಖವಾಗಿ ಕವುಚಿ, ತೊಟ್ಟು ಉದ್ದವಾದರೆ ಮೈಟ್ ಜೇಡ. ಎಲೆ ಚಿಕ್ಕದಾಗಿ, ಹಳದಿಯಾಗಿ, ಸುಕ್ಕುಗಟ್ಟಿ ಗಿಡವೇ ಕುಳ್ಳಾದರೆ ಬಿಳಿನೊಣ ಹರಡಿದ ನಂಜು ರೋಗ. ಅದಕ್ಕೆ ಔಷಧಿಯಿಲ್ಲ, ಕಿತ್ತು ಹೂಳಬೇಕು. ಒಂದು ಗಿಡದ ಮೇಲಿನ ಮಮತೆಗೆ ಇಡೀ ಬೀದಿಯ ಮೆಣಸು ಹೋಗುತ್ತದೆ.

ನುಸಿ, ಬಿಳಿನೊಣಕ್ಕೆ ಬೇವಿನೆಣ್ಣೆ: ಒಂದು ಲೀಟರ್ ನೀರಿಗೆ 5 ಮಿ.ಲೀ. ಎಣ್ಣೆ, 1 ಮಿ.ಲೀ. ಪಾತ್ರೆ ತೊಳೆಯುವ ದ್ರವ. ಎಣ್ಣೆಯನ್ನು ನೇರವಾಗಿ ನೀರಿಗೆ ಹಾಕಿದರೆ ತೇಲುತ್ತದೆ, ಕೊನೆಯ ಗಿಡಕ್ಕೆ ಬರೀ ಎಣ್ಣೆ ಬಿದ್ದು ಎಲೆ ಸುಡುತ್ತದೆ. ಅರ್ಧ ಲೋಟ ಬೆಚ್ಚಗಿನ ನೀರಲ್ಲಿ ಸೋಪು ಮತ್ತು ಎಣ್ಣೆ ಕಲಕಿ ಹಾಲಿನಂತಾದ ಮೇಲೆ ಉಳಿದ ನೀರು ಸೇರಿಸಿ. ಸಂಜೆ ಐದೂವರೆಯ ನಂತರ, ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಜೇನು ಹಾರುವ ಬೆಳಗಿನ ಹೊತ್ತು ಬೇಡ. ಏಳು ದಿನಕ್ಕೊಮ್ಮೆ, ಮೂರು ಸಲ. ಮೈಟ್ ಜೇಡಕ್ಕೆ ನೀರಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ. ಬಿಸಿಲು 32 ಡಿಗ್ರಿ ದಾಟುವ ದಿನಗಳಲ್ಲಿ ಗಂಧಕ ಎಲೆ ಸುಡುತ್ತದೆ, ಬೇವಿನೆಣ್ಣೆ ಹಾಕಿದ ಎರಡು ವಾರದೊಳಗೂ ಹಾಕಬಾರದು.

ಟೊಮೆಟೊ ಹಸಿರಾಗಿದ್ದಂತೆಯೇ ಬಾಡಿದರೆ ಬುಡದಿಂದ ಎರಡಂಗುಲ ಕಾಂಡ ಕತ್ತರಿಸಿ ಗಾಜಿನ ಲೋಟದ ತಿಳಿನೀರಲ್ಲಿ ತೂಗುಹಾಕಿ. ಐದು ನಿಮಿಷದಲ್ಲಿ ಹಾಲಿನ ಎಳೆಯಂಥದ್ದು ಇಳಿದರೆ ದುಂಡಾಣು ಸೊರಗು ರೋಗ. ಆ ಮಣ್ಣಿನಲ್ಲಿ ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಎರಡು ಮೂರು ವರ್ಷ ಹಾಕಬೇಡಿ. ಸೊಪ್ಪು, ಮುಸುಕಿನಜೋಳ ಹಾಕಿ. ಟೊಮೆಟೊ ಬೇಕೇ ಬೇಕೆಂದರೆ ಹೊಸ ಮಣ್ಣಿನಲ್ಲಿ ಅರ್ಕಾ ರಕ್ಷಕ್ ಹಾಕಿ, ಅದಕ್ಕೆ ಸೊರಗು ರೋಗ, ಎಲೆ ಮುಟುರು ನಂಜು ಎರಡನ್ನೂ ತಡೆಯುವ ಗುಣವಿದೆ. ಕಾಯಿಯ ತುದಿ ಕಪ್ಪಾಗಿ ಗುಳಿ ಬಿದ್ದರೆ ರೋಗವಲ್ಲ, ನೀರು ಒಂದು ದಿನ ಹೆಚ್ಚು ಒಂದು ದಿನ ಕಡಿಮೆಯಾಗಿ ಸುಣ್ಣದಂಶ ಕಾಯಿಗೆ ತಲುಪದೆ ಆದದ್ದು.

ಕುಂಬಳ, ಹಾಗಲ ಹೂ ಬಿಡುತ್ತೆ, ಕಾಯಿ ನಿಲ್ಲಲ್ಲ.

ಮೊದಲ ಹದಿನೈದು ದಿನ ಗಂಡು ಹೂವೇ ಹೆಚ್ಚು, ಚಿಂತೆ ಬೇಡ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ. ತಾರಸಿ ಎತ್ತರಕ್ಕೆ ಜೇನು ಬಾರದಿದ್ದರೆ ಬೆಳಿಗ್ಗೆ ಎಂಟರೊಳಗೆ ಗಂಡು ಹೂ ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನ ನಡುವೆ ಮೃದುವಾಗಿ ಉಜ್ಜಿ. ಹಾಗಲ, ಹೀರೆಯ ಕಾಯಿ ಸೊಟ್ಟಗಾಗಿ ಒಳಗೆ ಹುಳ ಕಂಡರೆ ಹಣ್ಣು ನೊಣದ ಕೆಲಸ. ಕಾಯಿ ಹೆಬ್ಬೆರಳ ಗಾತ್ರವಿದ್ದಾಗಲೇ ಪೇಪರ್ ಕವರ್ ಕಟ್ಟಿ, ಇಡೀ ಬೀದಿಗೆ ನಾಲ್ಕೈದು ಕ್ಯೂ ಲ್ಯೂರ್ ಬಲೆ (ಗಂಡು ನೊಣವನ್ನು ವಾಸನೆಯಿಂದ ಸೆಳೆದು ಹಿಡಿಯುವಂಥದ್ದು) ತೂಗುಹಾಕಿ. ಮಾವಿಗೆ ಬಳಸುವ ಮಿಥೈಲ್ ಯುಜಿನಾಲ್ ಬಲೆ ಬಳ್ಳಿ ತರಕಾರಿಯ ನೊಣವನ್ನು ಸೆಳೆಯುವುದಿಲ್ಲ. ಅಂಗಡಿಯಲ್ಲಿ ಕೇಳಿ ಕೊಳ್ಳಿ.

ಖಾಲಿ ಸೈಟಿನ ತುಂಬ ಪಾರ್ಥೇನಿಯಂ. ಶ್ರಮದಾನ ಮಾಡಿ ಕೀಳಬಹುದಾ?

ಕೀಳಬಹುದು, ಹೂ ಬಿಡುವ ಮೊದಲು, ಮಳೆ ಬಿದ್ದ ಮರುದಿನ, ಬೇರು ಸಮೇತ. ಕೈಗವಸು, ತುಂಬುತೋಳು, ಮುಖಕ್ಕೆ ಬಟ್ಟೆ ಕಡ್ಡಾಯ. ಚರ್ಮದ ತುರಿಕೆ, ಉಬ್ಬಸ ಇರುವವರು ಬರಬಾರದು. ಹೂ ಬಿಡದ ಗಿಡ ಗೊಬ್ಬರಕ್ಕೆ ಆಗುತ್ತದೆ, ಹೂ ಬಿಟ್ಟದ್ದು ಬೀಜವಾಗಿ ಇಡೀ ಪಾರ್ಕಿಗೆ ಹರಡುತ್ತದೆ. ಎಲೆಯ ಮೇಲೆ ಕಪ್ಪು ಗೀರಿನ ಕೆನೆ ಬಣ್ಣದ ಚಿಕ್ಕ ಜೀರುಂಡೆ ಕಂಡರೆ ಕೊಲ್ಲಬೇಡಿ. ಮೆಕ್ಸಿಕೊದಿಂದ ತಂದು 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟ ಪಾರ್ಥೇನಿಯಂ ತಿನ್ನುವ ಕೀಟ ಅದು. ಲೀಟರಿಗೆ 200 ಗ್ರಾಂ ಉಪ್ಪು ಕರಗಿಸಿ ಸಿಂಪಡಿಸುವ ವಿಧಾನ ರಸ್ತೆಯಂಚಿಗೆ ಸರಿ. ಮುಂದೆ ಗಿಡ ನೆಡುವ ಜಾಗಕ್ಕೆ ಉಪ್ಪು ಹೊಡೆಯಬೇಡಿ.

ಪಾರ್ಕಿನಲ್ಲಿ ಗಿಡ ನೆಡಲು ಯಾರನ್ನು ಕೇಳಬೇಕು?

ಹಳೆ ಬಡಾವಣೆಯಾದರೆ ನಗರಾಡಳಿತದ ಕಚೇರಿ. ಹೊಸ ಬಡಾವಣೆ ಇನ್ನೂ ಹಸ್ತಾಂತರವಾಗಿಲ್ಲದಿದ್ದರೆ ನಗರಾಭಿವೃದ್ಧಿ ಪ್ರಾಧಿಕಾರ. ಅರ್ಜಿಯೊಂದಿಗೆ ಕೈಯಲ್ಲೇ ಬರೆದ ನಕ್ಷೆ ಕೊಡಿ: ಎಲ್ಲಿ ಮಡಿ, ಎಲ್ಲಿ ಎಲೆ ಪಂಜರ, ನೀರು ಎಲ್ಲಿಂದ. ಸ್ವೀಕೃತಿಯ ಮೊಹರು ಪಡೆದ ಪ್ರತಿ ಇಟ್ಟುಕೊಳ್ಳಿ. ಅಗೆಯುವ ಮೊದಲು ನೀರಿನ ಪೈಪು, ಒಳಚರಂಡಿ, ನೆಲದಡಿಯ ಕೇಬಲ್ ಎಲ್ಲಿವೆ ಎಂದು ವಾಲ್ವ್‌ಮ್ಯಾನ್ ಮತ್ತು ಲೈನ್‌ಮ್ಯಾನ್ ಇಬ್ಬರನ್ನೂ ಕೇಳಿ.

ಇದ್ದ ಮರ ಕಡಿಯುವುದು ಬೇರೆಯೇ ವಿಷಯ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ಸ್ವಂತ ಅಂಗಳದ ಮರಕ್ಕೂ ಇದನ್ನು ಮೊದಲೇ ವಿಚಾರಿಸಿಕೊಳ್ಳಿ.

ಮರದ ಸಸಿ ಯಾವಾಗ, ಹೇಗೆ ನೆಡಬೇಕು?

ಗುಂಡಿ ಏಪ್ರಿಲ್‌ನಲ್ಲಿ, ಸಸಿ ಜೂನ್‌ನಲ್ಲಿ. ಎರಡಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಮೇಲಿನ ಒಂದಡಿ ಮಣ್ಣು ಒಂದು ಬದಿ, ಕೆಳಗಿನದು ಇನ್ನೊಂದು ಬದಿ ಹಾಕಿ ಬಿಸಿಲಿಗೆ ಬಿಡಿ. ತುಂಬುವಾಗ ಮೇಲ್ಮಣ್ಣು, 10 ಕೆ.ಜಿ. ಗೊಬ್ಬರ, 200 ಗ್ರಾಂ ಬೇವಿನ ಹಿಂಡಿ ತಳಕ್ಕೆ. ತೆರೆದ ಗುಂಡಿಗೆ ಕೋಲು ನೆಟ್ಟು ಬಟ್ಟೆ ಕಟ್ಟದಿದ್ದರೆ ರಾತ್ರಿ ಮಕ್ಕಳೋ ದನವೋ ಬೀಳುತ್ತವೆ. ವಿದ್ಯುತ್ ತಂತಿಯ ಕೆಳಗೆ ಹೊಂಗೆ, ನೇರಳೆ ಬೇಡ. ಪಾರಿಜಾತ, ದಾಸವಾಳ, ಕರಿಬೇವು ಸಾಕು. ಆರು ಅಂಗುಲದ ಸಸಿಗಿಂತ ಮೂರಡಿ ಎತ್ತರದ್ದು ಬೀದಿಯಲ್ಲಿ ಉಳಿಯುತ್ತದೆ. ಆಧಾರದ ಕೋಲಿಗೆ ಎಂಟರ ಆಕಾರದಲ್ಲಿ ಸೆಣಬಿನ ದಾರ ಕಟ್ಟಿ, ತಂತಿ ಕಟ್ಟಿದರೆ ಎರಡೇ ವರ್ಷಕ್ಕೆ ಕಾಂಡ ಕೊರೆಯುತ್ತದೆ.

ಬೀಜ ವಿನಿಮಯದ ದಿನ ಇಟ್ಟುಕೊಳ್ಳಬೇಕು. ಹೇಗೆ ನಡೆಸುವುದು?

ಏಪ್ರಿಲ್ ಮೂರನೇ ವಾರ ಒಳ್ಳೆಯದು. ಪರೀಕ್ಷೆಗಳು ಬಹುಮಟ್ಟಿಗೆ ಮುಗಿದಿರುತ್ತವೆ, ಬಿತ್ತನೆ ಹತ್ತಿರವಿರುತ್ತದೆ. ಎರಡು ವಾರ ಮೊದಲೇ ಮೊಳಕೆ ಪರೀಕ್ಷೆ ಮಾಡಿಸಿ: 20 ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಅಲಸಂದೆ, ಹರಿವೆ ಐದು ದಿನಕ್ಕೆ, ಟೊಮೆಟೊ, ಬದನೆ ಹತ್ತು ದಿನಕ್ಕೆ, ಮೆಣಸು ಹದಿನಾಲ್ಕು ದಿನಕ್ಕೆ ಎಣಿಸಿ. 16 ಅಥವಾ ಹೆಚ್ಚು ಮೊಳೆತರೆ ಕೊಡಿ, 10ರಿಂದ 15 ಆದರೆ “ಒತ್ತಾಗಿ ಬಿತ್ತಿ” ಎಂದು ಬರೆದು ಕೊಡಿ, ಅದಕ್ಕಿಂತ ಕಡಿಮೆ ಬೇಡ. ಈರುಳ್ಳಿ ಬೀಜ ಒಂದು ವರ್ಷ ದಾಟಿದರೆ ನಂಬುವಂತಿಲ್ಲ.

ಪೇಪರ್ ಪೊಟ್ಟಣದ ಮೇಲೆ ನಾಲ್ಕು ಮಾತು ಸಾಕು: ಹೆಸರು, ಬೀಜ ತೆಗೆದ ತಿಂಗಳು ಮತ್ತು ವರ್ಷ, ಪೊದೆಯೋ ಬಳ್ಳಿಯೋ, ನಾಟಿಯೋ ಹೈಬ್ರಿಡ್ಡೋ. ಹೈಬ್ರಿಡ್ ಗಿಡದಿಂದ ತೆಗೆದ ಬೀಜ ತಾಯಿಯಂತೆ ಬರುವುದಿಲ್ಲ, ಅರ್ಕಾ ರಕ್ಷಕ್ ಕೂಡ ಹೈಬ್ರಿಡ್. ಟೊಮೆಟೊ, ಹುರುಳಿಕಾಯಿ, ಅಲಸಂದೆ ತಮ್ಮೊಳಗೇ ಪರಾಗ ಕಟ್ಟುವುದರಿಂದ ಬೀಜ ಶುದ್ಧ. ಕುಂಬಳ, ಸೌತೆ, ಹೀರೆಗಳಲ್ಲಿ ಪಕ್ಕದ ಬೀದಿಯ ತಳಿಯೂ ಬೆರೆಯುತ್ತದೆ; ಕೊಡುವವರು ಅದನ್ನು ಹೇಳಿಯೇ ಕೊಡಬೇಕು. ಟೊಮೆಟೊ ಬೀಜವನ್ನು ತಿರುಳಿನೊಂದಿಗೆ ಎರಡು ದಿನ ಲೋಟದಲ್ಲಿ ಹುಳಿಯಲು ಬಿಟ್ಟು, ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ತೊಳೆದು ನೆರಳಲ್ಲಿ ಒಣಗಿಸಿ.

ಮೇಜಿನ ಮೇಲೆ ಸೊಪ್ಪು, ಕಾಯಿ, ಬಳ್ಳಿ, ಹೂ ಎಂದು ಬೇರೆ ಮಾಡಿ. ತರದೇ ಬಂದವರಿಗೂ ಒಂದೆರಡು ಪೊಟ್ಟಣ ಕೊಡಿ, ಮುಂದಿನ ವರ್ಷ ಅವರೇ ತರುತ್ತಾರೆ. ಒಬ್ಬರಿಗೆ ಐದು ಪೊಟ್ಟಣದ ಮಿತಿ ಇಡದಿದ್ದರೆ ಮೊದಲ ಅರ್ಧ ಗಂಟೆಯಲ್ಲೇ ಒಳ್ಳೆಯದೆಲ್ಲ ಖಾಲಿ.

ಶ್ರಮದಾನಕ್ಕೆ ಮೂವತ್ತು ಜನ ಬಂದರೆ ಏನೇನು ಬೇಕು?

ಬೆಳಿಗ್ಗೆ ಆರೂವರೆಯಿಂದ ಒಂಬತ್ತು, ಅದರಾಚೆ ಬಿಸಿಲು. ಆರು ಗುದ್ದಲಿ, ಎರಡು ಹಾರೆ, ಹತ್ತು ಬಾಂಡ್ಲಿ, ಆರು ಕುಡುಗೋಲು, ನಾಲ್ಕು ಎಲೆ ಕುಂಟೆ, ಇಪ್ಪತ್ತು ಜೊತೆ ಕೈಗವಸು. ಇದಕ್ಕಿಂತ ಹೆಚ್ಚು ಗುದ್ದಲಿ ಇದ್ದರೆ ಒಬ್ಬರಿಗೊಬ್ಬರು ತಾಗುತ್ತದೆ. ಮೂರು ತಂಡ ಮಾಡಿ: ಅಗೆತ, ಎಲೆ, ನೀರು ಮತ್ತು ಮಕ್ಕಳ ಕೆಲಸ. ಎಲ್ಲರೂ ಶೂ ಹಾಕಿರಬೇಕು. ಎಲೆ ಗುಡ್ಡೆಗೆ ಕೈ ಹಾಕುವ ಮೊದಲು ಉದ್ದ ಕೋಲಿಂದ ಕದಲಿಸಿ, ತಂಪಿಗೆ ಹಾವು ಸೇರಿರಬಹುದು. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಅಲುಗಾಡಿಸದೆ 108ಕ್ಕೆ ಕರೆ ಮಾಡಿ.

ರಾಮನವಮಿಗೆ ಪಾರ್ಕಿನಲ್ಲಿ ಪಾನಕ, ಕೋಸಂಬರಿ ಕೊಡಬೇಕು. ನೂರು ಜನಕ್ಕೆ ಲೆಕ್ಕ?

ಪಾನಕ 20 ಲೀಟರ್: ಬೆಲ್ಲ 2ರಿಂದ ಎರಡೂವರೆ ಕೆ.ಜಿ., ನಿಂಬೆಹಣ್ಣು 20, ಏಲಕ್ಕಿ, ಶುಂಠಿ, ಕಾಳುಮೆಣಸು ತಲಾ 20 ಗ್ರಾಂ, ಚಿಟಿಕೆ ಉಪ್ಪು. ಬೆಲ್ಲ ಹಿಂದಿನ ರಾತ್ರಿಯೇ ಕರಗಿಸಿ ಬಟ್ಟೆಯಲ್ಲಿ ಸೋಸಿ, ನಿಂಬೆ ಮಾತ್ರ ಕೊಡುವ ಮುನ್ನ ಹಿಂಡಿ. ನೀರುಮಜ್ಜಿಗೆಗೆ 4 ಲೀಟರ್ ಮೊಸರು, 16 ಲೀಟರ್ ನೀರು. ಕೋಸಂಬರಿಗೆ 2 ಕೆ.ಜಿ. ಹೆಸರುಬೇಳೆ ಎರಡು ಗಂಟೆ ನೆನೆಸಿ, 4 ಕೆ.ಜಿ. ಸೌತೆಕಾಯಿ, 4 ತೆಂಗಿನಕಾಯಿ. ಸೌತೆಕಾಯಿಗೆ ಮೊದಲೇ ಉಪ್ಪು ಹಾಕಿದರೆ ನೀರು ಬಿಟ್ಟು ದೊನ್ನೆ ಸೋರುತ್ತದೆ, ಕೊನೆಗೆ ಹಾಕಿ. ಒಂದು ಬಾರಿ ಬಳಸುವ ಪ್ಲಾಸ್ಟಿಕ್ ಲೋಟ ಬೇಡ, ನಿಷೇಧವೂ ಇದೆ. ಮನೆಗೈದು ಸ್ಟೀಲ್ ಲೋಟ ತಂದರೆ ಇಪ್ಪತ್ತು ಮನೆಗೆ ನೂರಾಯಿತು, ತೊಳೆಯಲು ಎರಡು ಟಬ್. ಅಡಿಕೆ ಹಾಳೆ ದೊನ್ನೆ ಎಲೆ ಪಂಜರಕ್ಕೇ ಹೋಗಲಿ.

ಮೈಕ್ ಹಾಕಬಹುದಾ?

ಪೊಲೀಸ್ ಠಾಣೆಯ ಅನುಮತಿಯೊಂದಿಗೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ನಿಷಿದ್ಧ, ವಾಸದ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ಮಾರ್ಚ್, ಏಪ್ರಿಲ್‌ನಲ್ಲಿ ಮಕ್ಕಳಿಗೆ ಪರೀಕ್ಷೆ. ಐವತ್ತು ಜನಕ್ಕೆ ಮೈಕ್ ಬೇಡವೇ ಬೇಡ.

ಮೊದಲ ದಿನ ಎಲ್ಲರೂ ಬಂದರು, ಎರಡು ತಿಂಗಳಿಗೆ ಸಾಮೂಹಿಕ ಮಡಿ ಒಣಗಿತು. ಏನು ಮಾಡಬೇಕಿತ್ತು?

ನೀರು ಹಾಕುವವರ ಪಟ್ಟಿ ಮೊದಲು, ಗಿಡ ಆಮೇಲೆ. ನಾಲ್ಕಡಿ ಅಗಲ, ಎಂಟಡಿ ಉದ್ದದ ಮಡಿಗೆ ಬೇಸಿಗೆಯಲ್ಲಿ ದಿನಕ್ಕೆ 15ರಿಂದ 20 ಲೀಟರ್ ಬೇಕು, ಅಂದರೆ ಎರಡು ಬಿಂದಿಗೆ, ಹತ್ತು ನಿಮಿಷ. ಏಳು ಮನೆಗೆ ವಾರದ ಏಳು ದಿನ. ಪ್ರತಿ ಮನೆಗೆ ಬದಲಿ ಮನೆಯೊಂದು. ಪಟ್ಟಿಯನ್ನು ವಾಟ್ಸಾಪ್‌ನಲ್ಲಿ ಅಷ್ಟೇ ಅಲ್ಲ, ಪಾರ್ಕಿನ ಗೇಟಿನ ಮೇಲೂ ಹಾಕಿ. ಏಳು ಹೆಸರು ಸಿಗದಿದ್ದರೆ ಮಡಿಯನ್ನು ಅರ್ಧ ಮಾಡಿ. ಎಂಟು ಮಡಿ ಶುರುಮಾಡಿ ಆರು ಒಣಗಿಸುವ ಬದಲು ಎರಡನ್ನು ಹಸಿರಾಗಿಟ್ಟರೆ ಮುಂದಿನ ಮನೆಯವರು ತಾವೇ ಕೇಳಿಕೊಂಡು ಬರುತ್ತಾರೆ. ಶಾಲೆ ರಜೆಗೆ ಊರಿಗೆ ಹೋಗುವವರು ಏಪ್ರಿಲ್, ಮೇಯಲ್ಲೇ ಹೆಚ್ಚು, ಪಾಳಿ ಹಾಕುವಾಗ ಇದನ್ನು ಕೇಳಿಯೇ ಹಾಕಿ.

ಕೊಯ್ಲಿನ ನಿಯಮವೂ ಮೊದಲೇ ಇರಲಿ. ಆ ವಾರ ನೀರು ಹಾಕಿದವರಿಗೆ ಮೊದಲ ಕಟ್ಟು, ಉಳಿದದ್ದು ಪಾರ್ಕಿನ ಪೌರಕಾರ್ಮಿಕರಿಗೆ ಎಂಬ ಪದ್ಧತಿಯಿಂದ ಜಗಳ ಬರುವುದಿಲ್ಲ.

ಕುಂಡಗಳಿಂದ ಸೊಳ್ಳೆ ಹೆಚ್ಚುತ್ತಾ?

ತಟ್ಟೆಯಲ್ಲಿ ನಿಂತ ನೀರಿನಿಂದ ಹೌದು. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರಲು ಏಳರಿಂದ ಹತ್ತು ದಿನ ಸಾಕು, ಆದ್ದರಿಂದ ವಾರಕ್ಕೊಮ್ಮೆ ತಟ್ಟೆ, ಡ್ರಮ್ ಖಾಲಿ ಮಾಡಿ ಉಜ್ಜಿ ತೊಳೆಯಿರಿ. ಬರೀ ಚೆಲ್ಲಿದರೆ ಮೊಟ್ಟೆ ಅಂಚಿಗೆ ಅಂಟಿಯೇ ಇರುತ್ತದೆ. ಹಕ್ಕಿಗಿಟ್ಟ ನೀರಿನ ಬಟ್ಟಲಿಗೂ ಇದೇ ಮಾತು.

ಮೊದಲ ಮಳೆಗೆ ದೊಡ್ಡ ಬಸವನಹುಳ ಬರುತ್ತವೆ.

ಆಫ್ರಿಕನ್ ಬಸವನಹುಳ. ಬರಿಗೈಲಿ ಮುಟ್ಟಬೇಡಿ, ರೋಗಕಾರಕ ಜಂತು ಇರಬಹುದು. ಸಂಜೆ ಒದ್ದೆ ಗೋಣಿಯ ಕೆಳಗೆ ಪಪ್ಪಾಯಿ ಎಲೆ, ಎಲೆಕೋಸಿನ ಸಿಪ್ಪೆ ಇಟ್ಟರೆ ಬೆಳಿಗ್ಗೆ ಅಲ್ಲೇ ಗುಂಪಾಗಿರುತ್ತವೆ. ಗವಸು ಹಾಕಿ ಆರಿಸಿ ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ, ಆಮೇಲೆ ಆಳಕ್ಕೆ ಹೂಳಿ. ಒಂದೇ ಮನೆಯವರು ಆರಿಸಿದರೆ ಪಕ್ಕದ ಸೈಟಿನಿಂದ ಮತ್ತೆ ಬರುತ್ತವೆ. ಇಡೀ ಬೀದಿ ಒಂದೇ ವಾರ ಮಾಡಬೇಕು.

ಮಣ್ಣು ಪರೀಕ್ಷೆ, ಸಲಹೆಗೆ ಎಲ್ಲಿ ಹೋಗುವುದು?

ಕಂದಲಿಯ ಕೃಷಿ ವಿಜ್ಞಾನ ಕೇಂದ್ರ, ಕಾರೆಕೆರೆಯ ಕೃಷಿ ಮಹಾವಿದ್ಯಾಲಯ, ತೋಟಗಾರಿಕೆ ಇಲಾಖೆಯ ಕಚೇರಿ ಮೂರೂ ಹತ್ತಿರವೇ ಇವೆ. ರೋಗದ ಗಿಡ ತೋರಿಸಲು ಫೋಟೊ ಸಾಲದು. ಬೇರು ಸಮೇತ ಕಿತ್ತ ಒಂದು ಗಿಡವನ್ನು ಪೇಪರಿನಲ್ಲಿ ಸುತ್ತಿ ಅದೇ ದಿನ ಒಯ್ಯಿರಿ, ಪ್ಲಾಸ್ಟಿಕ್ ಕವರಿನಲ್ಲಿ ಬೆವರಿ ಕೊಳೆಯುತ್ತದೆ. ಮಣ್ಣಿಗಾದರೆ ಪಾರ್ಕಿನ ಎಂಟು ಹತ್ತು ಕಡೆ ಮೇಲಿನ ಕಸ ಸರಿಸಿ, ಆರಂಗುಲ ಆಳದ ಇಳಿಜಾರು ಗುಂಡಿ ತೋಡಿ, ಬದಿಯಿಂದ ಒಂದಂಗುಲ ದಪ್ಪ ಪದರ ಕೆರೆದು ತೆಗೆಯಿರಿ. ಎಲ್ಲ ಬೆರೆಸಿ ನೆರಳಲ್ಲಿ ಒಣಗಿಸಿ ಅರ್ಧ ಕೆ.ಜಿ. ಬಟ್ಟೆ ಚೀಲದಲ್ಲಿ ಕೊಡಿ. ಗೊಬ್ಬರ ಹಾಕಿದ ಜಾಗ, ಎಲೆ ಪಂಜರದ ಪಕ್ಕ, ಮರದ ಬುಡ ಬಿಟ್ಟುಬಿಡಿ. ಭರಣಿ ಮಳೆಗೆ ಮೊದಲು ಕೊಟ್ಟರೆ ಬಿತ್ತನೆ ಹೊತ್ತಿಗೆ ವರದಿ ಕೈಯಲ್ಲಿರುತ್ತದೆ.